ಬೆಂಗಳೂರಿನ ಐಟಿ ನೌಕರಿ ಬಿಟ್ಟು ಹಾಸನದಲ್ಲಿ ಸ್ವಂತ ದುಡಿಮೆ: ರಾಜೀನಾಮೆಗೆ ಮುಂಚೆ ಮಾಡಬೇಕಾದ ಲೆಕ್ಕ

ತಿಂಗಳಿಗೆ ಎರಡು ಲಕ್ಷ ಬರುವ ನೌಕರಿ ಬಿಟ್ಟು ಹಾಸನಕ್ಕೋ ಚಿಕ್ಕಮಗಳೂರಿಗೋ ಬಂದು ಸ್ವಂತವಾಗಿ ಸಾಫ್ಟ್‌ವೇರ್ ಕೆಲಸ ಹಿಡಿಯುವವರಿಗೆ ಕೆಲಸ ಸಾಮಾನ್ಯವಾಗಿ ಸಿಗುತ್ತದೆ. ಮುಗಿಸಿಯೂ ಕೊಟ್ಟಿರುತ್ತಾರೆ. ದುಡ್ಡು ಮಾತ್ರ ಬಂದಿರುವುದಿಲ್ಲ. ಆ ಎರಡು ಮೂರು ತಿಂಗಳಲ್ಲಿ ಕೈ ಬರಿದಾಗಿ, ಸಿಕ್ಕಿದ ಸಂಬಳಕ್ಕೆ ಮತ್ತೆ ಬೆಂಗಳೂರಿನ ಬಸ್ಸು ಹತ್ತಬೇಕಾಗುತ್ತದೆ. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ಬಹುಪಾಲು ರಾಜೀನಾಮೆ ಪತ್ರ ಬರೆಯುವುದಕ್ಕೆ ಮುಂಚಿನ ಕೆಲಸಗಳೇ.

ಗಂಟು ಎಷ್ಟಿರಬೇಕು

ಒಂದು ಉದಾಹರಣೆ ಹಿಡಿದು ನೋಡಿ. ಮೇ 31 ನಿಮ್ಮ ಕೊನೆಯ ದಿನ. ಜೂನ್ ಪೂರ್ತಿ ಮನೆ ಸಾಗಿಸುವುದು, ಗಿರಾಕಿಗಳ ಜೊತೆ ಮಾತುಕತೆ. ಜುಲೈ 1ಕ್ಕೆ ಕೆಲಸ ಶುರು, ಜುಲೈ 31ಕ್ಕೆ ಮೊದಲ ಬಿಲ್. ಗಿರಾಕಿ ಕಂಪನಿ 45 ದಿನಕ್ಕೆ ಪಾವತಿ ಮಾಡುತ್ತದೆ ಅಂದರೆ ಸೆಪ್ಟೆಂಬರ್ ಮಧ್ಯಕ್ಕೆ ದುಡ್ಡು. ಎಲ್ಲವೂ ಸರಿಯಾಗಿ ನಡೆದರೂ ಮೂರೂವರೆ ತಿಂಗಳು ಒಂದು ರೂಪಾಯಿ ಒಳಬರುವುದಿಲ್ಲ. ಜೂನ್ ಅಂದರೆ ಮಕ್ಕಳ ಶಾಲೆ ಫೀಸಿನ ತಿಂಗಳು ಬೇರೆ.

ಊರಲ್ಲಿ ಮನೆ ಖರ್ಚು ತಿಂಗಳಿಗೆ 50,000 ಎಂದಿಟ್ಟುಕೊಂಡರೆ, 12 ತಿಂಗಳಿಗೆ ಆರು ಲಕ್ಷ ಬೇರೆ ಖಾತೆಯಲ್ಲಿ ಇರಬೇಕು. ಸಾಲದ ಕಂತು ಇದ್ದರೆ ಅದರ ಒಂದು ವರ್ಷದ ಮೊತ್ತವನ್ನೂ ಸೇರಿಸಿ. ಷೇರು, ಮ್ಯೂಚುವಲ್ ಫಂಡಿನಲ್ಲಿರುವ ದುಡ್ಡನ್ನು ಈ ಲೆಕ್ಕಕ್ಕೆ ತರಬೇಡಿ. ಬೇಕಾದ ತಿಂಗಳಲ್ಲೇ ಮಾರುಕಟ್ಟೆ ಬಿದ್ದಿರಬಹುದು. ಪಿಎಫ್ ಕೂಡ ಬೇಡ. ಒಟ್ಟು ಸೇವೆ ಐದು ವರ್ಷ ತುಂಬುವ ಮುಂಚೆ ಪಿಎಫ್ ತೆಗೆದರೆ ಅದಕ್ಕೆ ತೆರಿಗೆ ಬೀಳುತ್ತದೆ.

ಇನ್ನೊಂದು ಮಾತು, ಕೇಳಲು ಕಹಿಯಾದರೂ ಹೇಳಲೇಬೇಕು. 2020ರ ಭೂಸುಧಾರಣಾ ಕಾಯ್ದೆ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗೆಂದು ಈ ಗಂಟನ್ನು ಸಕಲೇಶಪುರದ ಕಡೆ ತೋಟಕ್ಕೆ ಹಾಕಬೇಡಿ. ಅರೇಬಿಕಾ ಗಿಡ ನೆಟ್ಟು ಮೊದಲ ಫಸಲು ನೋಡಲು ಮೂರು ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಗೊಬ್ಬರ, ಕಳೆ, ಆಳಿನ ಕೂಲಿ ಎಲ್ಲ ನಿಮ್ಮ ಜೇಬಿನಿಂದಲೇ. ಬೆಳೆದು ನಿಂತ ತೋಟವಾದರೂ ಕೊಯ್ಲಿನ ಕೂಲಿ ನವೆಂಬರಿನಿಂದಲೇ ವಾರವಾರ ಕೊಡಬೇಕು, ಮಾರಿದ ದುಡ್ಡು ಆಮೇಲೆ. ತೋಟ ಬೇಕಿದ್ದರೆ ಸ್ವಂತ ದುಡಿಮೆ ಎರಡು ವರ್ಷ ನಿಂತ ಮೇಲೆ ಯೋಚಿಸಿ.

ಬಿಡುವ ದಿನಾಂಕ

ಖಾಯಂ ನೌಕರರಿಗೆ ಒಂದೇ ಕಂಪನಿಯಲ್ಲಿ ಐದು ವರ್ಷ ತುಂಬಿದರೆ ಗ್ರಾಚ್ಯುಟಿ, ಅಂದರೆ ಬಿಡುವಾಗ ಕಂಪನಿ ಕೊಡುವ ಸೇವೆಯ ಇಡಿಗಂಟು, ಹಕ್ಕು. ಲೆಕ್ಕ ಸುಲಭ: ಗ್ರಾಚ್ಯುಟಿಗೆ ಹಿಡಿಯುವ ಕೊನೆಯ ತಿಂಗಳ ವೇತನವನ್ನು (ಮುಖ್ಯವಾಗಿ ಮೂಲವೇತನ) 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ಆ ವೇತನ 80,000, ಸೇವೆ ಆರು ವರ್ಷವಾದರೆ ಸುಮಾರು 2,76,900 ರೂಪಾಯಿ. ಊರಿನಲ್ಲಿ ಐದು ತಿಂಗಳ ಸಂಸಾರ ನಡೆಯುವಷ್ಟು ಹಣ. ನಾಲ್ಕೂಮುಕ್ಕಾಲು ವರ್ಷಕ್ಕೆ ಬೇಸರಪಟ್ಟು ಎದ್ದು ಬರಬೇಡಿ, ಮೂರು ತಿಂಗಳು ತಡೆದುಕೊಳ್ಳಿ.

ಬೋನಸ್ ಖಾತೆಗೆ ಬಿದ್ದ ಮೇಲೆಯೇ ರಾಜೀನಾಮೆ. ಸೇರುವಾಗ ಕೊಟ್ಟ ಬೋನಸ್ಸನ್ನು ವಾಪಸ್ ಕೇಳುವ ಷರತ್ತು ನೇಮಕಾತಿ ಪತ್ರದಲ್ಲಿ ಇದೆಯೇ ನೋಡಿ. ಕಂಪನಿಯ ಷೇರು ಆಯ್ಕೆಗಳು (ಸ್ಟಾಕ್ ಆಪ್ಷನ್) ಇದ್ದರೆ ಬಿಟ್ಟ ಮೇಲೆ ಎಷ್ಟು ದಿನದೊಳಗೆ ಕೊಳ್ಳಬೇಕು ಎಂದು ಓದಿಕೊಳ್ಳಿ. 90 ದಿನ ಎಂದಿರುವುದು ಸಾಮಾನ್ಯ. ಕೊಳ್ಳುವಾಗ ಷೇರಿನ ಬೆಲೆ ಜೊತೆಗೆ ತೆರಿಗೆಯನ್ನೂ ನಗದಾಗಿ ಕಟ್ಟಬೇಕಾಗುತ್ತದೆ.

ನೌಕರಿಯಲ್ಲಿದ್ದಾಗಲೇ ಮುಗಿಸುವ ಕೆಲಸಗಳು

ಮೊದಲನೆಯದು ಆರೋಗ್ಯ ವಿಮೆ. ಆಫೀಸಿನ ಪಾಲಿಸಿ ಸಾಮಾನ್ಯವಾಗಿ ನಿಮ್ಮ ಕೊನೆಯ ದಿನಕ್ಕೇ ನಿಲ್ಲುತ್ತದೆ, ಅದರಲ್ಲಿ ಅಪ್ಪ ಅಮ್ಮ ಇದ್ದರೆ ಅವರದ್ದೂ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನ ಹಣ ಸಿಗುವುದಿಲ್ಲ. ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಯಂಥವಕ್ಕೆ ಮೂರು ವರ್ಷದವರೆಗೂ ಕಾಯಿಸಬಹುದು. ಹಾಗಾಗಿ ನೋಟಿಸ್ ಅವಧಿಯ ಕೊನೆಯ ವಾರಕ್ಕೆ ಇದನ್ನು ಉಳಿಸಿಕೊಳ್ಳಬೇಡಿ. ಆಫೀಸಿನ ಪಾಲಿಸಿಯನ್ನೇ ಸ್ವಂತ ಪಾಲಿಸಿಯಾಗಿ ಬದಲಾಯಿಸಿ ಕೊಡುತ್ತಾರೆಯೇ ಎಂದು ಆ ವಿಮಾ ಕಂಪನಿಯನ್ನೇ ಕೇಳಿ. ಕೊಟ್ಟರೆ ಮತ್ತೆ ಮೊದಲಿನಿಂದ ಕಾಯುವುದು ತಪ್ಪುತ್ತದೆ. ಇರುವ ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದರೆ ಆಸ್ಪತ್ರೆಯ ಬಿಲ್ ಬಂದ ದಿನ ಅದು ಕೈಕೊಡುತ್ತದೆ.

ಮನೆ ಸಾಲ ಬೇಕಿದ್ದರೆ ಅದೂ ಈಗಲೇ. ನೌಕರರಿಗೆ ಕೆಲವು ತಿಂಗಳ ಸಂಬಳದ ಚೀಟಿ ನೋಡಿ ಕೊಡುವ ಬ್ಯಾಂಕು, ಸ್ವಂತ ದುಡಿಮೆಯವರಿಂದ ಎರಡು ಮೂರು ವರ್ಷದ ರಿಟರ್ನ್ ಕೇಳುತ್ತದೆ.

ಪಿಎಫ್‌ನ ಯುಎಎನ್ ಎಂಬ ಸದಸ್ಯ ಸಂಖ್ಯೆಗೆ ಸ್ವಂತ ಮೊಬೈಲ್ ನಂಬರ್ ಸೇರಿದೆಯೇ ಖಚಿತಪಡಿಸಿಕೊಳ್ಳಿ. ಕಂಪನಿ ನೀವು ಬಿಟ್ಟ ದಿನಾಂಕವನ್ನು ನಮೂದಿಸದಿದ್ದರೆ, ಎರಡು ತಿಂಗಳ ನಂತರ ಪೋರ್ಟಲ್‌ನಲ್ಲಿ ನೀವೇ ನಮೂದಿಸಬಹುದು. ಆಫೀಸ್ ಲ್ಯಾಪ್‌ಟಾಪಿನಿಂದ ಒಂದು ಸಾಲು ಕೋಡನ್ನೂ ಜೊತೆಗೆ ತರಬೇಡಿ. ನೌಕರಿ ಬಿಟ್ಟ ಮೇಲೂ ಅದೇ ಕ್ಷೇತ್ರದಲ್ಲಿ ದುಡಿಯಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಗೋಪ್ಯತೆಯ ಷರತ್ತು ಮಾತ್ರ ಬಿಟ್ಟ ಮೇಲೂ ನಿಮ್ಮನ್ನು ಕಟ್ಟಿಹಾಕುತ್ತದೆ.

ದಿನದ ದರ

ಹಳೆಯ ಸಂಬಳವನ್ನು 22ರಿಂದ ಭಾಗಿಸಿ ಅದನ್ನೇ ದಿನದ ದರ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ವರ್ಷದ 365 ದಿನದಲ್ಲಿ ಶನಿವಾರ ಭಾನುವಾರ 104, ಹಬ್ಬ 15, ಜ್ವರ, ಮದುವೆ, ರಜೆಗೆ 20 ಕಳೆಯಿರಿ. ಉಳಿದದ್ದು 226. ಅದರಲ್ಲೂ ಹತ್ತರಲ್ಲಿ ನಾಲ್ಕು ಪಾಲು ಗಿರಾಕಿ ಹುಡುಕಲು, ಅಂದಾಜು ಬರೆಯಲು, ಬಾಕಿ ಕೇಳಲು ಹೋಗುತ್ತದೆ. ಉಳಿದ ಆರು ಪಾಲು ಹಿಡಿದರೆ ಸುಮಾರು 135 ದಿನಕ್ಕಷ್ಟೇ ಬಿಲ್ ಮಾಡಬಹುದು. ಮನೆಗೆ ಆರು ಲಕ್ಷ, ವಿಮೆ, ಆಡಿಟರ್, ಇಂಟರ್ನೆಟ್, ಮುಂದಿನ ಲ್ಯಾಪ್‌ಟಾಪಿಗೆ ಒಂದೂವರೆ, ಪಿಎಫ್ ಬದಲಿನ ಉಳಿತಾಯಕ್ಕೆ ಮೂರು: ಒಟ್ಟು ಹತ್ತೂವರೆ ಲಕ್ಷ. 135ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 7,800. ಇದಕ್ಕಿಂತ ಕೆಳಗೆ ಒಪ್ಪಿಕೊಂಡ ಪ್ರತಿ ದಿನವೂ ಗಂಟಿನಿಂದಲೇ ತಿಂದಂತೆ. ‘ಊರಲ್ಲಿದ್ದೀರಲ್ಲ ಸಾರ್, ಖರ್ಚು ಕಡಿಮೆ ಅಲ್ವಾ’ ಎಂದು ಚೌಕಾಸಿ ಮಾಡುವವರು ಸಿಗುತ್ತಾರೆ. ಕೆಲಸದ ಗಾತ್ರ ಕಡಿಮೆ ಮಾಡಿ, ದರ ಇಳಿಸಬೇಡಿ.

ಬಿಲ್ಲು, ತೆರಿಗೆ

ಕೆಲಸದ ಕರಾರಿನಲ್ಲಿ 30 ಭಾಗ ಮುಂಗಡ, 40 ನಡುವೆ, 30 ಒಪ್ಪಿಸುವಾಗ ಎಂದು ಬರೆಸಿ. ಮುಂಗಡ ಬಾರದೆ ಕೆಲಸಕ್ಕೆ ಕೂರಬೇಡಿ. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಇಟ್ಟುಕೊಂಡು ನೋಂದಣಿ ಮಾಡಿಕೊಳ್ಳಿ. ಅದು ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ಆ ನಂಬರನ್ನು ಪ್ರತಿ ಬಿಲ್ಲಿನಲ್ಲೂ ಹಾಕಿ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಬರಹದ ಕರಾರು ಇದ್ದರೂ 45 ದಿನ ಮೀರಿಸುವಂತಿಲ್ಲ, ಕರಾರು ಇಲ್ಲದಿದ್ದರೆ 15 ದಿನ. ಮೀರಿದರೆ ಬಡ್ಡಿ ಕೇಳುವ ಹಕ್ಕು ನಿಮ್ಮದು.

ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಆದಾಯ ತೆರಿಗೆಯಲ್ಲಿ, 44ಎಡಿಎ ಎಂದು ಎಲ್ಲರ ಬಾಯಲ್ಲಿರುವ ಅಂದಾಜು ಪದ್ಧತಿಗೆ ನಿಮ್ಮ ಕೆಲಸ ಹೊಂದುತ್ತದೆಯೇ ಎಂದು ಆಡಿಟರನ್ನು ಕೇಳಿ. ಹೊಂದಿದರೆ ಬಂದ ಹಣದ ಅರ್ಧವನ್ನು ಆದಾಯ ಎಂದು ತೋರಿಸಿದರೆ ಸಾಕು, ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು. ನೌಕರಿ ಬಿಟ್ಟ ವರ್ಷದಲ್ಲಿ ಏಪ್ರಿಲ್, ಮೇ ತಿಂಗಳ ಸಂಬಳವೂ ಆ ವರ್ಷದ ಒಟ್ಟು ಆದಾಯಕ್ಕೆ ಸೇರುತ್ತದೆ ಎಂಬುದು ನೆನಪಿರಲಿ. ಗಿರಾಕಿ ಕಂಪನಿ ನೂರಕ್ಕೆ ಹತ್ತನ್ನು ಟಿಡಿಎಸ್ (ಪಾವತಿಯಲ್ಲೇ ಮುರಿಯುವ ತೆರಿಗೆ) ಎಂದು ಹಿಡಿದರೆ, ಹತ್ತು ಲಕ್ಷದ ಬಿಲ್ಲಿಗೆ ಒಂದು ಲಕ್ಷ ಮುಂದಿನ ವರ್ಷ ರಿಟರ್ನ್ ಹಾಕುವವರೆಗೆ ಕೈಗೆ ಬರುವುದಿಲ್ಲ. ಗಂಟಿನ ಲೆಕ್ಕದಲ್ಲಿ ಇದಕ್ಕೂ ಜಾಗ ಇಡಿ.

ಕರೆಂಟು, ನೆಟ್ಟು

ಮಲೆನಾಡಿನ ಕಡೆ ಮನೆ ಮಾಡುವವರು ಇದನ್ನು ತೀರಾ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹಾಸನ ಜಿಲ್ಲೆಗೆ ಕರೆಂಟು ಕೊಡುವುದು ಚೆಸ್ಕಾಂ, ಚಿಕ್ಕಮಗಳೂರಿಗೆ ಮೆಸ್ಕಾಂ. ಯಾರದೇ ಲೈನ್ ಇರಲಿ, ಜುಲೈ ಮಳೆಗಾಳಿಗೆ ಮರ ಬಿದ್ದರೆ ಕಂಬ, ಫೈಬರ್ ಕೇಬಲ್ ಎರಡೂ ಒಟ್ಟಿಗೆ ಹೋಗುತ್ತವೆ. ಎರಡನೇ ಸಂಪರ್ಕ ಬೇರೆ ಕಂಪನಿಯದ್ದಾಗಿರಬೇಕು, ಕೇಬಲ್ ಬದಲು ಮೊಬೈಲ್ ಜಾಲದ್ದಾಗಿರಬೇಕು. ಮುಂಗಡ ಕೊಟ್ಟು ಮನೆ ಹಿಡಿಯುವ ಮುಂಚೆ ಒಂದು ಸಂಜೆ ಅಲ್ಲೇ ಕೂತು ವೀಡಿಯೊ ಕರೆ ಮಾಡಿ ನೋಡಿ.

150 ಆಂಪಿಯರ್ ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ 1,800 ವ್ಯಾಟ್ ಅವರ್ ಇರುತ್ತದೆ. ಬ್ಯಾಟರಿ ಬಾಳಬೇಕಾದರೆ ಅರ್ಧದಷ್ಟೇ ಬಳಸಬೇಕು, ಇನ್ವರ್ಟರ್ ಒಂದಿಷ್ಟು ತಿನ್ನುತ್ತದೆ. ಕೈಗೆ ಸಿಗುವುದು ಸುಮಾರು 750. ಲ್ಯಾಪ್‌ಟಾಪ್ 50, ರೌಟರ್ 15, ದೀಪ 10 ವ್ಯಾಟ್ ಆದರೆ ಹತ್ತು ಗಂಟೆ. 60 ವ್ಯಾಟಿನ ಫ್ಯಾನ್ ಒಂದು ಸೇರಿಸಿದರೆ ಐದೂವರೆ ಗಂಟೆಗೆ ಇಳಿಯುತ್ತದೆ.

ಬಹಳಷ್ಟು ಇನ್ವರ್ಟರ್‌ಗಳ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ: ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ. ನಾರ್ಮಲ್‌ನಲ್ಲಿದ್ದರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವುದು ನಿಧಾನ, ಆ ಕ್ಷಣಕ್ಕೆ ರೌಟರ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ, ಗಿರಾಕಿಯ ಕರೆ ಕಟ್ಟಾಗುತ್ತದೆ. ಯುಪಿಎಸ್ ಕಡೆಗಿಟ್ಟರೆ ಸರಿ. ಆದರೆ ಆ ಸ್ಥಿತಿಯಲ್ಲಿ ಸಾಮಾನ್ಯವಾಗಿ 180 ವೋಲ್ಟಿಗಿಂತ ಕಡಿಮೆ ಬಂದರೆ ಅದು ಲೈನನ್ನು ಬಿಟ್ಟು ಬ್ಯಾಟರಿಗೆ ಹೋಗಿಬಿಡುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆಂದು ಸುತ್ತಲ ತೋಟಗಳಲ್ಲಿ ಸ್ಪ್ರಿಂಕ್ಲರ್ ಮೋಟರು ಓಡುವಾಗ ವೋಲ್ಟೇಜ್ ಬಿದ್ದು, ಕರೆಂಟು ಇದ್ದೂ ಬ್ಯಾಟರಿ ಖಾಲಿಯಾಗುವುದು ಇದರಿಂದಲೇ. ಆ ಎರಡು ತಿಂಗಳು ಇನ್ವರ್ಟರನ್ನು ನಾರ್ಮಲ್‌ಗೆ ಹಾಕಿ, ರೌಟರಿಗೆ ಮಾತ್ರ ಒಂದು ಚಿಕ್ಕ ಡಿಸಿ ಯುಪಿಎಸ್ ಇಡಿ.

ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿ ಒಂದು ದಿನ ಪರೀಕ್ಷೆ ಮಾಡಿ. ಬೆಳಿಗ್ಗೆ ಒಂಬತ್ತಕ್ಕೆ ಮೇನ್ ಸ್ವಿಚ್ ಆಫ್ ಮಾಡಿ, ಫೈಬರ್ ತಂತಿ ಕಿತ್ತು, ಎಂದಿನ ಕೆಲಸವನ್ನೇ ಮಾಡುತ್ತಾ ಕೂತುಕೊಳ್ಳಿ. ಇನ್ವರ್ಟರ್ ಕೂಗಿದ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.