ಎಲೆಕ್ಟ್ರಿಕ್ ಕಾರನ್ನು ವೈಫೈಗೆ ಜೋಡಿಸುವ ಕ್ರಮ

ಕಾರನ್ನು ಎಂದಿನ ಜಾಗದಲ್ಲಿ ನಿಲ್ಲಿಸಿ, ಮೊಬೈಲನ್ನು ಚಾಲಕನ ಸೀಟಿನ ಬಳಿ ಹಿಡಿದು, ಮನೆಯ ವೈಫೈ ಸಿಗ್ನಲ್ ಅಲ್ಲಿಯವರೆಗೆ ತಲುಪುತ್ತಿದೆಯೇ ಎಂದು ಮೊದಲು ನೋಡಿಕೊಳ್ಳಿ. ಬಳಿಕ ಕಾರಿನ ಪರದೆಯ ಸೆಟ್ಟಿಂಗ್ಸ್‌ನಲ್ಲಿ ವೈಫೈ ಆನ್ ಮಾಡಿ, ನಿಮ್ಮ ನೆಟ್‌ವರ್ಕ್‌ನ ಹೆಸರನ್ನು ಆಯ್ದು, ಪಾಸ್‌ವರ್ಡನ್ನು ನಿಧಾನವಾಗಿ ನಮೂದಿಸಿ. ಒಂದು ದೊಡ್ಡಕ್ಷರ ಸಣ್ಣಕ್ಷರವಾದರೂ ಸಂಪರ್ಕ ಸಿಗುವುದಿಲ್ಲ. ಮನೆಯ ವೈಫೈ ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡೂ ಬಗೆಯ ಸಿಗ್ನಲ್ ಕೊಡುತ್ತಿದ್ದರೆ, ಗೋಡೆಗಳನ್ನು ದಾಟಿ ದೂರ ತಲುಪುವ 2.4 ಅನ್ನೇ ಆರಿಸುವುದು ಉತ್ತಮವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ರಾತ್ರಿಯಿಡೀ ನಿಂತಿರುವ ಕಾರು ದೊಡ್ಡ ಸಾಫ್ಟ್‌ವೇರ್ ಅಪ್‌ಡೇಟನ್ನು ಇಳಿಸಿಕೊಳ್ಳಲು ವೇಗಕ್ಕಿಂತ ಕಡಿಯದ ಸಂಪರ್ಕವೇ ಮುಖ್ಯ. ಸಂಪರ್ಕ ಪದೇ ಪದೇ ತಪ್ಪುತ್ತಿದ್ದರೆ, ಉಳಿಸಿದ ನೆಟ್‌ವರ್ಕನ್ನು ಅಳಿಸಿ ಮತ್ತೆ ಜೋಡಿಸಿ. ಆಗಲೂ ಸರಿಹೋಗದಿದ್ದರೆ ರೂಟರನ್ನು ಕಾರಿನ ಕಡೆಗಿರುವ ಕಿಟಕಿಯ ಹತ್ತಿರಕ್ಕೆ ಸರಿಸಿ.