ನನ್ನ ಬ್ಯಾರೆಲ್ ಒಪ್ಪಿಕೊಂಡ ಕಾಡತೂಸು

ತಿಂಗಳಿಗೊಂದು ಭಾನುವಾರ ನಾವು ನಾಲ್ಕು ಜನ ಪುಣೆಯಲ್ಲಿ 50 ಮೀಟರ್ ದೂರದ ಗುರಿಗೆ ರೈಫಲ್ ಪಂದ್ಯ ಆಡುತ್ತೇವೆ. ನಾಲ್ವರೂ ಕನ್ನಡದವರು. ಬೆಳಗಾವಿ ಕಡೆಯ ನಿವೃತ್ತ ಸುಬೇದಾರರೊಬ್ಬರು, ಅವರನ್ನು ನಾವೆಲ್ಲ ಕಾಕಾ ಅಂತಲೇ ಕರೆಯುವುದು. ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಕೊಡಗಿನ ಹುಡುಗ. ಅವನ ಆಫೀಸಿನವಳೇ ಆದ ದಾವಣಗೆರೆಯ ಹುಡುಗಿ. ಬ್ಯಾಂಕ್ ವರ್ಗಾವಣೆಯಲ್ಲಿ ಹುಬ್ಬಳ್ಳಿಯಿಂದ ಬಂದು ಇಲ್ಲೇ ಉಳಿದುಬಿಟ್ಟ ನಾನು. .22 ರೈಫಲ್ (ಗುಂಡಿನ ಅಗಲ ಸುಮಾರು 0.22 ಇಂಚು), ಮಲಗಿ ಹೊಡೆಯುವ ಪ್ರೋನ್, ಸೈಟ್ ಹೊಂದಿಸಿಕೊಳ್ಳಲು ಲೆಕ್ಕಕ್ಕಿಲ್ಲದ ಸೈಟರ್ 10, ಲೆಕ್ಕಕ್ಕೆ 30 ಗುಂಡು. ಕಡೆಗೆ ನಿಂತವರು ಎಲ್ಲರಿಗೂ ಮಿಸಳ್ ಕೊಡಿಸಬೇಕು.

ಮೊದಲ ವರ್ಷ ನನ್ನ ಅಂಕಕ್ಕೆ ಒಂದು ನೆಲೆಯೇ ಇರಲಿಲ್ಲ. ಒಂದು ತಿಂಗಳು 30 ಗುಂಡಿನಲ್ಲಿ 24ಕ್ಕೆ ಪೂರ್ತಿ ಹತ್ತು ಅಂಕ, ಮುಂದಿನ ತಿಂಗಳು 15ಕ್ಕೆ. ಬೆಲ್ಟ್ ಬಿಗಿ ಮಾಡಿದೆ, ಮೊಣಕೈ ಜಾಗ ಬದಲಿಸಿದೆ, ಉಸಿರಿನ ಲೆಕ್ಕ ಬರೆದಿಟ್ಟೆ. ಕಾಕಾ ಒಂದು ದಿನ ನನ್ನ ಪೆಟ್ಟಿಗೆ ತೆರೆದು ನೋಡಿ, "ತಂಗಿ, ಇದರಾಗ ಮೂರು ಥರದ ಡಬ್ಬಿ ಅದಾವಲ್ಲ? ಪ್ರತಿ ಸಲ ಬ್ಯಾರೆ ಬ್ಯಾರೆ ಹಾಕಿದ್ರ ರೈಫಲ್ ಏನ್ ಮಾಡ್ಬೇಕು?" ಅಂದರು. ಅಲ್ಲಿಯವರೆಗೆ ಕಾಡತೂಸು ನನಗೆ ಅಂಗಡಿ ಸಕ್ಕರೆ ಇದ್ದ ಹಾಗೆ, ಯಾವುದಾದರೂ ಒಂದೇ ಅಂದುಕೊಂಡಿದ್ದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ಮೂರು ಭಂಗಿಯಲ್ಲಿ ಕಂಚು ಗೆದ್ದರಲ್ಲ, ಅವರು ಕೊಲ್ಹಾಪುರ ಜಿಲ್ಲೆಯವರು, ವರ್ಷಗಟ್ಟಲೆ ಅಭ್ಯಾಸ ಮಾಡಿದ್ದು ನಮ್ಮ ಪುಣೆಯ ಬಾಲೆವಾಡಿಯಲ್ಲಿ. ಆಮೇಲೆ ರೇಂಜಿಗೆ ಹೊಸಬರು ಬರುತ್ತಲೇ ಇದ್ದಾರೆ. ಬಂದವರು ಮೊದಲು ಕೇಳುವುದು "ಯಾವ ಕಾಡತೂಸು ಒಳ್ಳೇದು?" ಅಂತ. ನಾನು ಆರಿಸಿಕೊಂಡ ದಾರಿಯನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ.

ಮೊದಲು .22ರ ಜಾತಿ ಗೊತ್ತಿರಬೇಕು. 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿ ತಂದ .22 ಲಾಂಗ್ ರೈಫಲ್ ಇವತ್ತಿಗೂ ಅದೇ ಅಳತೆಯಲ್ಲಿದೆ. ಸೀಸದ ಗುಂಡು 40 ಗ್ರೇನ್, ಅಂದರೆ 2.6 ಗ್ರಾಂ. ಕಿಡಿ ಹೊತ್ತಿಸುವ ಮದ್ದು ಕೆಳಗಿನ ಅಂಚಿನ ಸುತ್ತ, ಆ ಮಡಿಕೆಯೊಳಗೆ ಕೂತಿರುತ್ತದೆ. ದೊಡ್ಡ ರೈಫಲ್‌ನವರು ಖಾಲಿ ಕೋಶಕ್ಕೆ ಮತ್ತೆ ಮದ್ದು ತೂಗಿ ತುಂಬಿಕೊಂಡು ತಮ್ಮ ಕಾಡತೂಸನ್ನು ತಾವೇ ತಿದ್ದಿಕೊಳ್ಳುತ್ತಾರೆ. ನಮಗೆ ಆ ಭಾಗ್ಯ ಇಲ್ಲ. ಅಂಚು ಒಮ್ಮೆ ಚಪ್ಪಟೆಯಾಯಿತೆಂದರೆ ಮುಗಿಯಿತು. ಕಾರ್ಖಾನೆ ಏನು ಕೊಟ್ಟಿತೋ ಅದರಲ್ಲೇ ಆರಿಸಬೇಕು.

ಆರಿಸುವುದಾದರೂ ಹೇಗೆ? ನಮ್ಮಲ್ಲಿ ಅಂಗಡಿಗೆ ಹೋಗಿ ಹತ್ತು ಬಗೆ ತಂದು ಹೊಡೆದು ನೋಡುವ ಹಾಗಿಲ್ಲ. ಲೈಸೆನ್ಸಿನಲ್ಲಿ ಎಷ್ಟು ಬರೆದಿದೆಯೋ ಅಷ್ಟೇ, ಆಮದಾಗಿ ಬಂದದ್ದು ಬಂದಾಗಲೇ. ಹಾಗಾಗಿ ಕ್ಲಬ್ಬಿನ ಲೆಕ್ಕದಲ್ಲಿ, ರೇಂಜ್ ನೋಡಿಕೊಳ್ಳುವವರ ಎದುರಿಗೇ, ನಾಲ್ಕು ಬಗೆಯಲ್ಲಿ ಒಂದೊಂದು ಡಬ್ಬಿ ತೆಗೆದುಕೊಂಡೆ. ಡಬ್ಬಿಗೆ 50. ಒಂದು ಒಲಿಂಪಿಕ್ ಮಟ್ಟದ ದುಬಾರಿಯದು. ಈಲಿ ಟೆನೆಕ್ಸ್, ಆರ್‌ಡಬ್ಲ್ಯೂಎಸ್ ಆರ್50, ಲಾಪುವಾ ಎಕ್ಸ್-ಆ್ಯಕ್ಟ್ ಅಂತ ಕೇಳುತ್ತೀರಲ್ಲ, ಆ ಸಾಲಿನದು. ಎರಡನೆಯದು ಮಧ್ಯಮ ಬೆಲೆಯ ಮ್ಯಾಚ್ ಗುಂಡು, ಅಂದರೆ ಪಂದ್ಯಕ್ಕೆಂದೇ ಮಾಡಿದ್ದು. ಮೂರನೆಯದು ಅಭ್ಯಾಸಕ್ಕೆ ಅಂತ ಮಾರುವ ಅಗ್ಗದ್ದು. ನಾಲ್ಕನೆಯದು ಹೈ ವೆಲಾಸಿಟಿ, ಅಂದರೆ ವೇಗ ಹೆಚ್ಚಿನದು, ಕೊಡಗಿನ ಹುಡುಗನ ಹಟಕ್ಕೆ.

ಅವನ ಹಟಕ್ಕೂ ಕಾರಣ ಇತ್ತು. ಊರಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವನು. "ಅಕ್ಕ, ವೇಗ ಜಾಸ್ತಿ ಇದ್ದರೆ ಗಾಳಿಗೆ ತಳ್ಳೋಕೆ ಸಮಯವೇ ಸಿಗಲ್ಲ" ಅನ್ನುತ್ತಿದ್ದ. ಕೇಳಿದರೆ ಸರಿ ಅನಿಸುತ್ತದೆ. ನಾನೂ ನಂಬಿದ್ದೆ.

ಹೊಡೆದು ನೋಡಿದ್ದು ಹೀಗೆ. ರೈಫಲ್ ಅನ್ನು ಮುಂದೆ ಹಿಂದೆ ಮರಳಿನ ಚೀಲದ ಮೇಲೆ ಕೂರಿಸಿದೆ. ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವಾಗ ಬ್ಯಾರೆಲ್ ಒರೆಸಿ, ಹೊಸದರಲ್ಲಿ ಹತ್ತು ಗುಂಡು ಸುಮ್ಮನೆ ಹೊಡೆದೆ. ಇದನ್ನು ಬಿಡಬೇಡಿ. ಗುಂಡಿಗೆ ಮೇಣದ ಲೇಪ ಇರುತ್ತದೆ, ಒಬ್ಬೊಬ್ಬ ತಯಾರಕರದು ಒಂದೊಂದು. ಹಿಂದಿನ ಮೇಣ ಬ್ಯಾರೆಲ್ಲಿನಲ್ಲಿ ಇರುವ ತನಕ ಹೊಸ ಗುಂಡು ತನ್ನ ನಿಜವಾದ ಗುಣ ತೋರಿಸುವುದಿಲ್ಲ. ಆಮೇಲೆ ಹತ್ತು ಹತ್ತರ ನಾಲ್ಕು ಗುಂಪು, ಒಂದೊಂದು ಗುಂಪಿಗೆ ಒಂದೊಂದು ಗುರಿಹಾಳೆ; ತೂತುಗಳು ಎಷ್ಟು ಒತ್ತಾಗಿ ಬೀಳುತ್ತವೆ ಅಂತ ನೋಡಲು. ಐದು ಗುಂಡಿನ ಗುಂಪು ಸಾಲದು, ಐದು ಗುಂಡು ಅದೃಷ್ಟಕ್ಕೂ ಒಂದೇ ತೂತಿಗೆ ಬೀಳುತ್ತವೆ.

ಮನೆಗೆ ಬಂದು ಊಟದ ಮೇಜಿನ ಮೇಲೆ ಹದಿನಾರು ಗುರಿಹಾಳೆ ಹರಡಿ ಕ್ಯಾಲಿಪರ್ ಹಿಡಿದು ಕೂತೆ. ಅಗ್ಗದ ಗುಂಡಿನ ಹಾಳೆಯನ್ನು ಬೆಳಕಿಗೆ ಹಿಡಿದರೆ ತೂತುಗಳು ಜೋಳದ ತೆನೆಯ ಹಾಗೆ ಉದ್ದಕ್ಕೆ, ಮೇಲಿಂದ ಕೆಳಕ್ಕೆ. ದುಬಾರಿಯದು ಒಂದೇ ಹರಿದ ತೂತು, ಅಂಚಿಗೆ ಕಪ್ಪು ಮೇಣದ ಉಂಗುರ. ಮಧ್ಯಮದ್ದೂ ಹಾಗೇ. ಹೊರಗಿನ ಅಂಚಿನಿಂದ ಹೊರಗಿನ ಅಂಚಿಗೆ ಅಳೆದಾಗ ಸರಾಸರಿ ದುಬಾರಿಯದು 17 ಮಿಲಿಮೀಟರ್, ಮಧ್ಯಮದ್ದು 16, ಅಗ್ಗದ್ದು 23, ಹೈ ವೆಲಾಸಿಟಿ 31.

ಆ 17ಕ್ಕೂ 16ಕ್ಕೂ ಏನೂ ವ್ಯತ್ಯಾಸ ಇಲ್ಲ, ಇನ್ನೊಂದು ದಿನ ಹೊಡೆದಿದ್ದರೆ ಅದಲುಬದಲಾಗುತ್ತಿತ್ತು. ನನಗೆ ಬೇಕಾಗಿದ್ದ ಅಳತೆಯೇ ಬೇರೆ. 50 ಮೀಟರ್ ಗುರಿಯಲ್ಲಿ ಹತ್ತರ ಉಂಗುರದ ವ್ಯಾಸ 10.4 ಮಿಲಿಮೀಟರ್. ಗುಂಡಿನ ವ್ಯಾಸ 5.6. ಗುಂಡು ಗೆರೆಯನ್ನು ಹೊರಗಿನಿಂದ ಸವರಿದರೂ ಹತ್ತೇ. ಹಾಗಾದರೆ ಎರಡೂ ಬದಿಗೆ ಒಂದೊಂದು ಗುಂಡಿನ ಅಗಲ ಸೇರಿಸಿ, ಹೊರ ಅಂಚಿನ ಲೆಕ್ಕದಲ್ಲಿ 21.6 ಮಿಲಿಮೀಟರ್ ಒಳಗೆ ಬೀಳುವ ಗುಂಪು ನಡುವೆ ಕೂತಿತೆಂದರೆ ಎಲ್ಲವೂ ಹತ್ತು! ಈ ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿಯಾಗಿತ್ತು. ಅಗ್ಗದ ಗುಂಡು ನನ್ನ ರೈಫಲ್‌ನಲ್ಲಿ ಆ ಗೆರೆಯ ಆಚೆ. ನಾನು ಎಷ್ಟೇ ಚೆನ್ನಾಗಿ ಹೊಡೆದರೂ ಅದು ಕೆಲವು ಒಂಬತ್ತು ಕೊಟ್ಟೇ ಕೊಡುತ್ತದೆ. ಮಧ್ಯಮದ್ದು ಆ ಗೆರೆಯ ಈಚೆ, ಇನ್ನೂ ಐದು ಮಿಲಿಮೀಟರ್ ನನ್ನ ಕೈಯ ತಪ್ಪಿಗೆ ಉಳಿಸಿ ಕೊಡುತ್ತದೆ. ದುಬಾರಿಯದು ಅದಕ್ಕಿಂತ ಹೆಚ್ಚೇನೂ ಕೊಡುವುದಿಲ್ಲ, ಬೆಲೆ ಮಾತ್ರ ಎರಡು ಪಟ್ಟಿಗೂ ಮೀರಿ. ದಶಾಂಶದಲ್ಲಿ ಅಂಕ ಎಣಿಸುವ ದೊಡ್ಡ ಪಂದ್ಯಗಳಲ್ಲಿ ಪ್ರತಿ 0.8 ಮಿಲಿಮೀಟರ್‌ಗೂ 0.1 ಅಂಕ ಇದೆ, ಅಲ್ಲಿ ಮಾತು ಬೇರೆ. ಗೆಳೆಯರ ಪಂದ್ಯಕ್ಕೆ ನಾನು ಮಧ್ಯಮದ್ದನ್ನೇ ಹಿಡಿದೆ.

ದಾವಣಗೆರೆಯ ಹುಡುಗಿ ಅದೇ ಡಬ್ಬಿ ಹಾಕಿ ತನ್ನ ರೈಫಲ್‌ನಲ್ಲಿ ಹೊಡೆದಾಗ ಗುಂಪು 24 ಬಂತು. ಅವಳಿಗೆ ಒಪ್ಪಿದ್ದು ಬೇರೆಯೇ ತಯಾರಕರದು. ಇಬ್ಬರದೂ ಜರ್ಮನಿಯ ಆನ್‌ಶುಟ್ಜ್ ರೈಫಲ್ಲೇ. ಆದ್ದರಿಂದ ಯಾರಾದರೂ ಹೆಸರು ಹೇಳಿ ಅಂದರೆ ನಾನು ಹೇಳುವುದಿಲ್ಲ. ನನ್ನ ಬ್ಯಾರೆಲ್ಲಿನ ಉತ್ತರ ನಿಮ್ಮ ಬ್ಯಾರೆಲ್ಲಿಗೆ ಸಲ್ಲುವುದಿಲ್ಲ.

ಈಗ ವೇಗದ ಮಾತು. ಮ್ಯಾಚ್ ಕಾಡತೂಸು ಬ್ಯಾರೆಲ್ ಬಿಡುವಾಗ ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿರುತ್ತದೆ. ಹೈ ವೆಲಾಸಿಟಿ 380ರ ಆಸುಪಾಸು. ಶಬ್ದದ ವೇಗ ಪುಣೆಯ ಡಿಸೆಂಬರ್ ಬೆಳಗಿನ 10 ಡಿಗ್ರಿಯಲ್ಲಿ ಸುಮಾರು 337, ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಯಲ್ಲಿ 354. ಮ್ಯಾಚ್ ಗುಂಡು ಹೊರಟಾಗಿನಿಂದಲೂ ಶಬ್ದಕ್ಕಿಂತ ಕೆಳಗೇ ಇದ್ದು ನೆಮ್ಮದಿಯಾಗಿ ಹೋಗುತ್ತದೆ. ವೇಗದ ಗುಂಡು ಶಬ್ದವನ್ನು ಮೀರಿ ಹೊರಟು, ದಾರಿಯಲ್ಲಿ ಆ ಗಡಿ ದಾಟಿ ಕೆಳಗಿಳಿಯುತ್ತದೆ. ಗಾಳಿಯ ಎಳೆತ ಥಟ್ಟನೆ ಏರುವುದು ಆ ಗಡಿಯ ಸುತ್ತಮುತ್ತಲೇ. ಅಲ್ಲಿ ಅದು ಬೇಗ ಬೇಗ ವೇಗ ಕಳೆದುಕೊಳ್ಳುತ್ತದೆ, ತೊನೆದಾಡುತ್ತದೆ. ಅಡ್ಡ ಗಾಳಿ ಗುಂಡನ್ನು ಎಷ್ಟು ಸರಿಸುತ್ತದೆ ಅನ್ನುವುದು ಗುಂಡು ಗಾಳಿಯಲ್ಲಿ ಎಷ್ಟು ಹೊತ್ತು ಇತ್ತು ಅನ್ನುವುದರ ಮೇಲೆ ನಿಂತಿಲ್ಲ. ದಾರಿಯಲ್ಲಿ ವೇಗ ಕಳೆದುಕೊಂಡು ಎಷ್ಟು ಹೊತ್ತು ತಡವಾಯಿತು ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ .22ರಲ್ಲಿ ವೇಗದ ಗುಂಡೇ ಗಾಳಿಗೆ ಹೆಚ್ಚು ಸರಿಯುವುದು.

ನಾನು ಇದನ್ನು ಬಾಯಲ್ಲಿ ಹೇಳಿದಾಗ ಹುಡುಗ ನಂಬಲಿಲ್ಲ. 100 ಮೀಟರ್ ಹೊಡೆಯಲು ರೇಂಜ್ ಸಿಕ್ಕ ಒಂದು ದಿನ ಇಬ್ಬರೂ ಅಕ್ಕಪಕ್ಕ ಮಲಗಿದೆವು. ಎಡಗಡೆಯಿಂದ ಗಾಳಿ, ಗಾಳಿ ತೋರಿಸಲು ಕಟ್ಟಿದ ಬಟ್ಟೆಯ ಪಟ್ಟಿಗಳು ನೆಟ್ಟಗೆ ಬೀಸುತ್ತಿದ್ದವು. 50 ಮೀಟರ್‌ಗೆ ಹೊಂದಿಸಿದ ಸೈಟಿನಲ್ಲಿ ನನ್ನ ಮೊದಲ ಗುಂಡು ಗುರಿಯಿಂದ ಒಂದು ಗೇಣು ಕೆಳಗೆ ಬಿತ್ತು. ಅದು ಬೀಳಲೇಬೇಕು, .22 ಅಷ್ಟು ಇಳಿಯುತ್ತದೆ. ಸೈಟ್ ಏರಿಸಿಕೊಂಡ ಮೇಲೆ ನನ್ನವು ಬಲಕ್ಕೆ ಮೂರು ನಾಲ್ಕು ಬೆರಳು ಸರಿದವು, ಅವನವು ಅಂಗೈ ಅಗಲ ದಾಟಿದವು. ಎದ್ದು ಬಂದು ಎರಡೂ ಹಾಳೆ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದ. "ಊರಲ್ಲಿ ತೆಂಗಿನಕಾಯಿಗೆ ಇದೆಲ್ಲ ಗೊತ್ತೇ ಆಗಲ್ಲ ಅಕ್ಕ" ಅಂದ. ಮುಂದಿನ ತಿಂಗಳಿಂದ ಅವನೂ ನಿಧಾನದ ಗುಂಡಿಗೆ ಬಂದ.

ಆ ಹಾಳೆಗಳಲ್ಲಿ ಕಾಕಾ ಇನ್ನೊಂದು ತೋರಿಸಿದರು. ಗುಂಡುಗಳು ಬಲಕ್ಕೆ ಸರಿದಷ್ಟೂ ಸ್ವಲ್ಪ ಕೆಳಗೂ ಇಳಿದಿದ್ದವು, ಗಡಿಯಾರದ ನಾಲ್ಕು ಗಂಟೆಯ ಕಡೆಗೆ. ಒಳಗಿನ ಸುರುಳಿ ಗೆರೆಗಳಿಂದ ಗುಂಡನ್ನು ಬಲಕ್ಕೆ ಸುತ್ತಿಸುವ ಬ್ಯಾರೆಲ್ ಆದರೆ ಎಡಗಾಳಿಗೆ ನಾಲ್ಕು ಗಂಟೆ, ಬಲಗಾಳಿಗೆ ಹತ್ತು ಗಂಟೆ. ಈ ಓರೆ ಗೊತ್ತಿರದವರು ಅದನ್ನು ಕೆಟ್ಟ ಕಾಡತೂಸು ಅಂತ ಬೈದು ಡಬ್ಬಿ ಬದಲಿಸುತ್ತಾರೆ. ಓರೆಯಾಗಿ ಹರಡಿದರೆ ಗಾಳಿ, ನೆಟ್ಟಗೆ ಮೇಲೆ ಕೆಳಗೆ ಹರಡಿದರೆ ಬಹುಪಾಲು ಕಾಡತೂಸು. ನನ್ನ ಅಗ್ಗದ ಡಬ್ಬಿಯ ಜೋಳದ ತೆನೆಗೆ ಕಾರಣ ಇದೇ. ಕ್ಲಬ್ಬಿನ ಕ್ರೋನೋಗ್ರಾಫಿನಲ್ಲಿ ಅಳೆದಾಗ ಅದರ ಅತಿ ವೇಗದ ಗುಂಡಿಗೂ ಅತಿ ನಿಧಾನದ ಗುಂಡಿಗೂ ಸೆಕೆಂಡಿಗೆ 20 ಮೀಟರ್ ಅಂತರ ಬಂತು, ಮಧ್ಯಮದ್ದರಲ್ಲಿ 9. ವೇಗದಲ್ಲಿ ಹತ್ತು ಮೀಟರ್ ಅಂತರಕ್ಕೆ 50 ಮೀಟರ್ ದೂರದಲ್ಲಿ ಎತ್ತರ ಸುಮಾರು 7 ಮಿಲಿಮೀಟರ್ ಹೆಚ್ಚುಕಡಿಮೆಯಾಗುತ್ತದೆ, 100 ಮೀಟರ್‌ನಲ್ಲಿ ಸುಮಾರು 3 ಸೆಂಟಿಮೀಟರ್. ದೂರ ಎರಡರಷ್ಟು, ತಪ್ಪು ನಾಲ್ಕರಷ್ಟು. ದೂರದ ಪಂದ್ಯದ ಆಸೆ ಇರುವವರು ಗುಂಪಿನ ಅಗಲಕ್ಕಿಂತ ಎತ್ತರವನ್ನು ಮೊದಲು ಅಳೆಯಿರಿ.

ಇಷ್ಟೆಲ್ಲ ಕಲಿತ ಮೇಲೂ ಒಂದು ಪೆಟ್ಟು ತಿಂದೆ. ನನ್ನ ಡಬ್ಬಿಗಳು ಮುಗಿದವು. ಅದೇ ಹೆಸರಿನ, ಅದೇ ಬಣ್ಣದ ಇನ್ನಷ್ಟು ಡಬ್ಬಿ ತರಿಸಿ, ನೋಡದೆಯೇ ಪಂದ್ಯಕ್ಕೆ ಹಾಕಿದೆ. ಹತ್ತಕ್ಕೆ ಬೀಳಬೇಕಾದ ಗುಂಡುಗಳು ಒಂಬತ್ತರ ಅಂಚಿನಲ್ಲಿ ಕೂತವು. ಗಾಳಿ ಇಲ್ಲ, ಕೈ ಕದಲಿಲ್ಲ, ಟ್ರಿಗರ್ ಒತ್ತಿದ ಕ್ಷಣ ನನಗೆ ಹತ್ತು ಅನಿಸಿದ್ದು ಹಾಳೆಯಲ್ಲಿ ಒಂಬತ್ತು. ಪಂದ್ಯ ಮುಗಿದ ಮೇಲೆ ಡಬ್ಬಿಯ ತುದಿ ಮಡಿಕೆ ತಿರುಗಿಸಿ ನೋಡಿದರೆ ಲಾಟ್ ನಂಬರ್, ಅಂದರೆ ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ಸರಕಿನ ಗುರುತು, ಬೇರೆ. ಅಂಚಿನ ದಪ್ಪ, ಮದ್ದಿನ ಅಳತೆ, ಮೇಣ, ಯಾವುದರಲ್ಲಿ ಕೂದಲೆಳೆ ವ್ಯತ್ಯಾಸ ಬಂದರೂ ಬ್ಯಾರೆಲ್ ಅದನ್ನು ಹಿಡಿದುಬಿಡುತ್ತದೆ. ದೊಡ್ಡ ಶೂಟರ್‌ಗಳು ತಮ್ಮ ಬ್ಯಾರೆಲ್ ಹೊತ್ತುಕೊಂಡು ತಯಾರಕರ ಪರೀಕ್ಷಾ ರೇಂಜಿಗೇ ಹೋಗಿ ಲಾಟ್ ಆರಿಸಿ ತರುವುದು ಇದಕ್ಕೇ.

ನಮಗೆ ಅದು ಆಗದ ಮಾತು. ನಾನು ಮಾಡಿಕೊಂಡಿದ್ದು ಇಷ್ಟು. ನಮ್ಮ ಪಂದ್ಯಕ್ಕೆ 40 ಗುಂಡು, ವರ್ಷಕ್ಕೆ ಹನ್ನೆರಡು ಪಂದ್ಯ, ಒಟ್ಟು 480. ಹತ್ತು ಡಬ್ಬಿಯ ಒಂದು ಕಟ್ಟಿನಲ್ಲಿ 500. ಪರೀಕ್ಷೆಯಲ್ಲಿ ಗೆದ್ದ ಲಾಟ್‌ನ ಒಂದು ಕಟ್ಟನ್ನು ಪಂದ್ಯಕ್ಕೆ ಅಂತಲೇ ಎತ್ತಿಡುತ್ತೇನೆ. ಅಭ್ಯಾಸಕ್ಕೆ ಅದೇ ತಯಾರಕರ ಅಗ್ಗದ ಗುಂಡು, ಮೇಣದ ಜಾತಿಯಾದರೂ ಒಂದೇ ಇರಲಿ ಅಂತ. ಕಾರಿನಲ್ಲಿ ಬಿಡುವುದಿಲ್ಲ. ಒಮ್ಮೆ ಏಪ್ರಿಲ್‌ನಲ್ಲಿ ಸಾಮಾನಿನ ಚೀಲ ಬಿಸಿಲಿಗೆ ಬಿಟ್ಟು, ಮೇಣ ಇಳಿದು, ಕಾಡತೂಸು ಹಿಡಿದ ಬೆರಳೆಲ್ಲ ಜಿಗುಟಾಗಿ, ಆ ಜಿಗುಟಿಗೆ ಚಾಪೆಯ ಮರಳು ಹತ್ತಿ ಚೇಂಬರಿನೊಳಗೆ ಹೋಗಿತ್ತು. ಈಗ ದಪ್ಪ ಟವೆಲ್ಲಿನಲ್ಲಿ ಸುತ್ತಿ, ಮಲಗುವ ಮ್ಯಾಟ್‌ನ ನೆರಳಿನ ಬದಿಗೆ ಇಡುತ್ತೇನೆ.

500ರಲ್ಲಿ 480 ಕಳೆದರೆ 20 ಉಳಿಯುತ್ತದಲ್ಲ, ಆ 20ನ್ನು ಎಂದೂ ಪಂದ್ಯಕ್ಕೆ ಹೊಡೆಯುವುದಿಲ್ಲ. ಡಿಸೆಂಬರ್‌ನಲ್ಲಿ ಹೊಸ ಲಾಟ್ ಬಂದಾಗ ಮೊದಲು ಹಳೆಯದರ ಹತ್ತು, ಆಮೇಲೆ ಹೊಸದರ ಗುಂಪುಗಳು, ಕೊನೆಗೆ ಹಳೆಯದರ ಉಳಿದ ಹತ್ತು, ಒಂದೇ ಬೆಳಿಗ್ಗೆ, ಒಂದೇ ಚೀಲದ ಮೇಲೆ. ಹಳೆಯದು ಎರಡೂ ಸಲ 16ರ ಹತ್ತಿರ ಬಂದು ಹೊಸದು 22 ಬಂದರೆ ತಪ್ಪು ನನ್ನದಲ್ಲ, ದಿನದ್ದೂ ಅಲ್ಲ, ಆ ಲಾಟ್ ನನ್ನ ಬ್ಯಾರೆಲ್ಲಿಗೆ ಅಲ್ಲ ಅಂತ ಗೊತ್ತಾಗುತ್ತದೆ. ಕಳೆದ ಸಲ ಹೊಸದು 17 ಬಂತು. ಕಾಕಾ ಕ್ಯಾಲಿಪರ್ ಕಸಿದುಕೊಂಡು ತಾವೇ ಇನ್ನೊಮ್ಮೆ ಅಳೆದು, ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ "ನಡೀತೈತಿ" ಅಂತ ಬರೆದುಕೊಟ್ಟರು.