ಡಿಜಿಟಲ್ ಗಡಿಯಾರ ರಿಪೇರಿ: ತಪ್ಪಿದ್ದು ಅಂಕಿಯೋ, ಸಮಯವೋ?

ಡಿಜಿಟಲ್ ಗಡಿಯಾರವನ್ನು ಬಿಚ್ಚುವ ಮುಂಚೆ ನಾನು ಅದರ ಅಂಕಿಗಳನ್ನೇ ಸ್ವಲ್ಪ ಹೊತ್ತು ನೋಡುತ್ತೇನೆ. ಅರ್ಧ ರಿಪೇರಿ ಅಲ್ಲೇ ಮುಗಿಯುತ್ತದೆ.

ಒಂದೊಂದು ಅಂಕಿಗೂ ಏಳು ಗೆರೆ. ಮೇಲಿನದು ಎ, ಅಲ್ಲಿಂದ ಬಲಕ್ಕೆ ಸುತ್ತುತ್ತಾ ಬಿ, ಸಿ, ಡಿ, ಇ, ಎಫ್, ನಡುವಿನದು ಜಿ. ಬಿ, ಸಿ ಎರಡೇ ಉರಿದರೆ 1, ಏಳೂ ಉರಿದರೆ 8. ಎ ಹೋದರೆ 7 ಕೂಡ 1ರ ಹಾಗೆ ಕಾಣುತ್ತದೆ. ಬಿ ಹೋದರೆ 8 ಇದ್ದದ್ದು 6, 9 ಇದ್ದದ್ದು 5. ಜಿ ಹೋದರೆ 8 ಸೊನ್ನೆಯಾಗುತ್ತದೆ. ಇಂಥದ್ದನ್ನು ನೋಡಿ ಗಡಿಯಾರ ಹಿಂದೆ ಓಡುತ್ತಿದೆ ಎಂದುಕೊಳ್ಳುವವರೇ ಹೆಚ್ಚು. ನಿಮಿಷದ ಕೊನೆಯ ಅಂಕಿಯನ್ನು 8ಕ್ಕೆ ತಂದು ನೋಡಿ. ನಿಮಿಷದ ಹತ್ತರ ಸ್ಥಾನದಲ್ಲಿ 8 ಬರುವುದೇ ಇಲ್ಲ. ಅಲ್ಲಿ 0 ಮತ್ತು 2 ನೋಡಿದರೆ ಏಳೂ ಗೆರೆ ನೋಡಿದಂತಾಯಿತು.

ಒಂದೇ ಅಂಕಿಯಲ್ಲಿ ಒಂದು ಗೆರೆ ಸತ್ತಿದ್ದರೆ ಹೆಚ್ಚಾಗಿ ಆ ಎಲ್‌ಇಡಿಯೇ ಹೋಗಿರುತ್ತದೆ. ಎಲ್ಲ ಅಂಕಿಗಳಲ್ಲೂ ಅದೇ ಗೆರೆ ಇಲ್ಲವೆಂದರೆ ದಯವಿಟ್ಟು ಡಿಸ್‌ಪ್ಲೇ ಬದಲಿಸಬೇಡಿ. ಮಲ್ಟಿಪ್ಲೆಕ್ಸ್ ಮಾಡಿದ, ಅಂದರೆ ಅಂಕಿಗಳನ್ನು ಒಂದಾದ ಮೇಲೊಂದರಂತೆ ಬೇಗಬೇಗ ಉರಿಸುವ ಡಿಸ್‌ಪ್ಲೇಯಲ್ಲಿ ಆ ಗೆರೆಗಳಿಗೆಲ್ಲ ಒಂದೇ ದಾರಿ. ಅದರ ರೆಸಿಸ್ಟರ್ ಅಥವಾ ಪಿನ್ನಿನ ಸಾಲ್ಡರ್ ಬಿಟ್ಟಿರುತ್ತದೆ. ಒಂದು ಅಂಕಿ ಪೂರ್ತಿ ಆರಿದ್ದರೆ ಅದನ್ನು ಉರಿಸುವ ಟ್ರಾನ್ಸಿಸ್ಟರ್ ನೋಡಿ. ಎಲ್‌ಸಿಡಿಯಾದರೆ ಗಾಜಿಗೂ ಬೋರ್ಡಿಗೂ ನಡುವಿನ ರಬ್ಬರ್ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಒಣಗಿಸಿ, ನೇರವಾಗಿ ಕೂರಿಸಿದರೆ ಎಷ್ಟೋ ಸಲ ಸಾಕು.

ಅಂಕಿಗಳು ಸರಿಯಿದ್ದೂ ಸಮಯ ತಪ್ಪುತ್ತಿದ್ದರೆ ಎಷ್ಟು ತಪ್ಪುತ್ತಿದೆ ಎಂದು ಅಳೆಯಿರಿ. ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು 15 ಸಲ ಅರ್ಧ ಮಾಡುತ್ತಾ ಹೋದರೆ ಸೆಕೆಂಡಿಗೆ ಒಂದು ಮಿಡಿತ ಉಳಿಯುತ್ತದೆ. ಹತ್ತು ಲಕ್ಷಕ್ಕೆ 20 ಭಾಗದ ವ್ಯತ್ಯಾಸ ಸಾಧಾರಣ ಹರಳಿಗೆ ಸಹಜ, ಅಂದರೆ ದಿನಕ್ಕೆ ಸುಮಾರು 1.7 ಸೆಕೆಂಡ್. ಹರಳು ಬದಲಿಸಿದ ಮೇಲೆ ಗಡಿಯಾರ ಮುಂದೆ ಓಡಿದರೆ ಅದರ ಲೋಡ್ ಕೆಪಾಸಿಟೆನ್ಸ್ (ಸರಿಯಾಗಿ ಕಂಪಿಸಲು ಸರ್ಕ್ಯೂಟಿನಿಂದ ಹರಳಿಗೆ ಸಿಗಬೇಕಾದ ಕೆಪಾಸಿಟೆನ್ಸ್) ನೋಡಿ: 6 ಪಿಕೊಫ್ಯಾರಡ್ ಸರ್ಕ್ಯೂಟಿಗೆ 12.5ರ ಹರಳು ಹಾಕಿದರೆ ಹಾಗಾಗುತ್ತದೆ.

ಗಂಟೆಗೆ ಸರಿಯಾಗಿ 10 ನಿಮಿಷ ಹಿಂದೆ ಬಿದ್ದರೆ ಹರಳನ್ನು ಮುಟ್ಟುವುದೇ ಬೇಡ. ಅದು ಕರೆಂಟಿನ ಆವರ್ತನೆ ಎಣಿಸುವ ಗಡಿಯಾರ. 60 ಹರ್ಟ್ಜ್‌ಗೆ ಇಟ್ಟದ್ದು 50 ಹರ್ಟ್ಜ್‌ನಲ್ಲಿ ಓಡುತ್ತಿದೆ. ಕೆಲವದರ ಹಿಂದೆ ಅದಕ್ಕೊಂದು ಸ್ವಿಚ್ಚೇ ಇರುತ್ತದೆ.

ಇನ್ನು, ಬೆಳಗಿನ ಅಲಾರಂ ಸಂಜೆ ಹೊಡೆದರೆ ದೋಷ ಎಎಂ-ಪಿಎಂ ತೋರಿಸುವ ಚುಕ್ಕೆಯನ್ನು ನೋಡದೆ ಹೊಂದಿಸಿದ್ದು. 12 ಗಂಟೆಯ ಗಡಿಯಾರದಲ್ಲಿ 12:30 ಎಎಂ ಎಂದರೆ ಮಧ್ಯರಾತ್ರಿ ದಾಟಿ ಅರ್ಧ ಗಂಟೆ, 24ರ ಲೆಕ್ಕದಲ್ಲಿ 00:30. ಸಮಯವನ್ನು 11:59ರಿಂದ ಒಂದು ನಿಮಿಷ ಮುಂದೂಡಿ, ಚುಕ್ಕೆ ಹತ್ತಿತೋ ಆರಿತೋ ನೋಡಿಕೊಂಡು, ಸಮಯಕ್ಕೂ ಅಲಾರಂಗೂ ಬೇರೆಬೇರೆಯಾಗಿ ಹೊಂದಿಸಿ.